ಮೇಜಿನ ನಡುವಿನ ಫೋನು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಚೇರಿಯ ಸಭಾಕೋಣೆಯಲ್ಲಿ ಮೇಜಿನ ಮೇಲಿಟ್ಟು ಹಲವರು ಒಟ್ಟಿಗೆ ಮಾತನಾಡಲು ಬಳಸುವ ಕಾನ್ಫರೆನ್ಸ್ ಫೋನ್ ಕುರಿತು ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಏಳನ್ನು ಈ ಬಾರಿ ಆಯ್ದುಕೊಂಡಿದ್ದೇನೆ. ಉದ್ದವಾಗಿದ್ದ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ. ಬರೆದವರ ಹಾಗೂ ಅವರ ಕಚೇರಿಗಳ ಹೆಸರನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮದು ತೊಗರಿ ಬೇಳೆಯ ಗಿರಣಿ. ಹೈದರಾಬಾದ್ ಮತ್ತು ಚೆನ್ನೈ ವ್ಯಾಪಾರಿಗಳೊಡನೆ ವಾರಕ್ಕೆರಡು ಬಾರಿ ದರ ಮಾತನಾಡುವುದಕ್ಕಾಗಿ ಮೂರು ತಿಂಗಳ ಹಿಂದೆ ಹೆಸರುವಾಸಿ ಕಂಪನಿಯ ಕಾನ್ಫರೆನ್ಸ್ ಫೋನ್ ತಂದೆವು. ಅವರ ಮಾತು ನಮಗೆ ಚೆನ್ನಾಗಿ ಕೇಳುತ್ತದೆ. ಅವರಿಗೆ ಮಾತ್ರ ನಮ್ಮ ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದಂತೆ. ತಮ್ಮ ಧ್ವನಿಯೇ ತಮಗೆ ಮರಳಿ ಬರುತ್ತದೆ ಎಂದೂ ದೂರುತ್ತಾರೆ. ಅಂಗಡಿಯವರು ಬಂದು ನೋಡಿ, ಫೋನಿನಲ್ಲಿ ದೋಷವಿಲ್ಲ ಎಂದು ಹೇಳಿ ಹೋದರು. ಕೋಣೆಯ ಚಿತ್ರವನ್ನು ಜೊತೆಗಿಟ್ಟಿದ್ದೇನೆ. ಬೇರೆ ಫೋನ್ ಕೊಳ್ಳಬೇಕೇ?
— ಗಿರಣಿಯೊಂದರ ಲೆಕ್ಕಿಗರು, ಕಲಬುರಗಿ

ಉತ್ತರ: ಸದ್ಯಕ್ಕೆ ಕೊಳ್ಳಬೇಡಿ. ಅಂಗಡಿಯವರ ಮಾತು ಸರಿಯಾಗಿಯೇ ಇದೆ. ಆದರೆ ಅವರು ಫೋನನ್ನು ನೋಡಿದರೇ ಹೊರತು ಕೋಣೆಯನ್ನು ನೋಡಿದಂತಿಲ್ಲ. ನಿಮ್ಮ ಚಿತ್ರದಲ್ಲಿ ಶಹಾಬಾದ್ ಕಲ್ಲಿನ ನೆಲ, ಬೋಳು ಗೋಡೆಗಳು, ಗಾಜು ಹಾಸಿದ ಉದ್ದನೆಯ ಮೇಜು, ಅದರ ನೆತ್ತಿಯ ಮೇಲೆ ಫ್ಯಾನು, ಕಿಟಕಿಗೆ ಕೂಡಿಸಿದ ಕೂಲರ್ ಇಷ್ಟೂ ಕಾಣುತ್ತಿವೆ. ಫೋನು ಮೇಜಿನ ಒಂದು ತುದಿಯಲ್ಲಿ, ಗೋಡೆಯ ಪಕ್ಕಕ್ಕೇ ಇದೆ. ಟೆಲಿಫೋನ್ ಪಾಯಿಂಟ್ ಅಲ್ಲಿರುವುದರಿಂದ ಹಾಗೆ ಇಟ್ಟಿರಬೇಕು.

ಮೊದಲು ಬಾವಿಯ ಸಂಗತಿಯನ್ನು ನೋಡೋಣ. ಮಾತನಾಡುವವರ ಧ್ವನಿ ಮೈಕನ್ನು ನೇರವಾಗಿಯೂ ಮುಟ್ಟುತ್ತದೆ, ನೆಲಕ್ಕೆ, ಗೋಡೆಗೆ, ಗಾಜಿಗೆ ಬಡಿದು ತಿರುಗಿಯೂ ಮುಟ್ಟುತ್ತದೆ. ನಿಮ್ಮ ಕೋಣೆಯ ಉದ್ದ 24 ಅಡಿ ಎಂದಿದ್ದೀರಿ. ಒಂದು ತುದಿಯಿಂದ ಹೊರಟ ಧ್ವನಿ ಎದುರು ಗೋಡೆಗೆ ಬಡಿದು ಮರಳಿ ಬರಲು ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗದಷ್ಟು ಹೊತ್ತು ಹಿಡಿಯುತ್ತದೆ. ಕೋಣೆಯೊಳಗೆ ಕೂತ ನಿಮ್ಮ ಎರಡು ಕಿವಿಗಳೂ ಮಿದುಳೂ ಸೇರಿ ಈ ಮರುದನಿಯನ್ನು ತಾವಾಗಿಯೇ ಬದಿಗೆ ಸರಿಸುತ್ತವೆ. ಆದ್ದರಿಂದ ಅದು ನಿಮ್ಮ ಗಮನಕ್ಕೇ ಬರುವುದಿಲ್ಲ. ಮೈಕಿಗೆ ಆ ವಿವೇಕವಿಲ್ಲ. ಅದು ಎಲ್ಲವನ್ನೂ ಕಲಸಿ ಆಚೆ ಕಳುಹಿಸುತ್ತದೆ. ಮಾತನಾಡುವವರು ಮೈಕಿನಿಂದ ದೂರವಾದಷ್ಟೂ ನೇರವಾಗಿ ಬರುವ ಧ್ವನಿ ಕುಗ್ಗುತ್ತದೆ. ದೂರ ಇಮ್ಮಡಿಯಾದರೆ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಗೋಡೆಗಳಿಂದ ಬರುವ ಮರುದನಿ ಮಾತ್ರ ಹೆಚ್ಚು ಕಡಿಮೆ ಇದ್ದಷ್ಟೇ ಇರುತ್ತದೆ. ಮೇಜಿನ ಕೊನೆಯ ಕುರ್ಚಿಯಲ್ಲಿ ಕೂತವರ ಮಾತು ಬಾವಿಯಿಂದ ಬಂದಂತೆ ಕೇಳುವುದು ಈ ಲೆಕ್ಕದಿಂದಲೇ.

ಆದುದರಿಂದ ಫೋನನ್ನು ಮೇಜಿನ ನಡುವಿಗೆ ತನ್ನಿ, ಬೇಕಾದರೆ ಟೆಲಿಫೋನ್ ವೈರನ್ನು ಉದ್ದ ಮಾಡಿಸಿ. ಆ ವೈರು ಓಡಾಡುವವರ ಕಾಲಿಗೆ ಸಿಗದಂತೆ ಪಟ್ಟಿಯೊಳಗೆ ಹಾಯಿಸಿ, ಮೇಜಿನ ಕಾಲಿನ ಗುಂಟ ಮೇಲಕ್ಕೆ ತರಬೇಕು. ಮಾತನಾಡುವವರೆಲ್ಲ ಫೋನಿನಿಂದ ಒಂದೂವರೆ ಮೀಟರಿನೊಳಗೆ ಕೂತರೆ ಒಳ್ಳೆಯದು; ಎರಡು ಮೀಟರಿನಾಚೆಗೆ ಕೂರಲೇಬೇಕಾದವರಿದ್ದರೆ, ನಿಮ್ಮ ಮಾದರಿಗೆ ಹೊಂದುವ ಹೆಚ್ಚುವರಿ ಮೈಕುಗಳನ್ನು ತರಿಸಿ ಎರಡೂ ಕಡೆ ಒಂದೊಂದು ಇಡಿ. ಗಾಜಿನ ಮೇಲೆ ದಪ್ಪ ಬಟ್ಟೆ, ನೆಲಕ್ಕೆ ಒಂದು ದೊಡ್ಡ ಜಮಖಾನ, ಕಿಟಕಿಗೆ ಭಾರವಾದ ಪರದೆ, ಬೋಳು ಗೋಡೆಗೆ ಕಡತಗಳು ತುಂಬಿದ ಕಪಾಟು, ಇಷ್ಟು ಮಾಡಿದರೆ ಅರ್ಧಕ್ಕಿಂತ ಹೆಚ್ಚು ತೊಂದರೆ ಹೋದೀತು ಎಂಬುದು ನನ್ನ ಅನುಭವ. ಶಹಾಬಾದ್ ಕಲ್ಲನ್ನು ನಾನು ದೂರುತ್ತಿಲ್ಲ. ಬೇಸಿಗೆಯಲ್ಲಿ ಅದರಷ್ಟು ತಂಪಾದ ನೆಲ ಬೇರೆ ಇಲ್ಲ. ಫೋನಿಗೆ ಮಾತ್ರ ಅದು ಒಗ್ಗುವುದಿಲ್ಲ.

ಕೂಲರ್ ವಿಷಯ ಸ್ವಲ್ಪ ತೊಡಕಿನದು. ಒಂದೇ ಸಮನೆ ಬರುವ ಸದ್ದನ್ನು ಅಳಿಸುವ ವ್ಯವಸ್ಥೆ ಈಗಿನ ಫೋನುಗಳಲ್ಲಿ ಇರುತ್ತದೆ, ಆದರೆ ಸದ್ದು ಮಾತಿನಷ್ಟೇ ದೊಡ್ಡದಾದರೆ ಅದು ಸದ್ದಿನ ಜೊತೆಗೆ ಮಾತಿನ ಅಂಚನ್ನೂ ಕತ್ತರಿಸಿಬಿಡುತ್ತದೆ. ಬಿಸಿಲು 40 ಡಿಗ್ರಿ ದಾಟುವ ಮೇ ತಿಂಗಳಲ್ಲಿ ಕಲಬುರಗಿಯವರಿಗೆ ಕೂಲರ್ ಬಂದ್ ಮಾಡಿ ಎಂದು ಹೇಳುವ ಧೈರ್ಯ ನನಗಿಲ್ಲ. ಸಭೆಗೆ ಒಂದು ಗಂಟೆ ಮೊದಲೇ ಜೋರಾಗಿ ಹಚ್ಚಿ ಕೋಣೆಯನ್ನು ತಂಪು ಮಾಡಿಕೊಂಡು, ಕರೆಯ ಹೊತ್ತಿಗೆ ಕನಿಷ್ಠ ವೇಗಕ್ಕೆ ಇಳಿಸಿ, ಗಾಳಿ ನೇರವಾಗಿ ಫೋನಿನ ಮೇಲೆ ಬೀಸದಂತೆ ಜಾಲರಿಯನ್ನು ತಿರುಗಿಸಿಡಿ.

ಇನ್ನು ಪ್ರತಿಧ್ವನಿ. ಇದರಲ್ಲಿ ಅನೇಕರು ದಾರಿ ತಪ್ಪುತ್ತಾರೆ. ಒಬ್ಬರಿಗೆ ತಮ್ಮ ಧ್ವನಿಯೇ ತಮಗೆ ಮರಳಿ ಕೇಳುತ್ತಿದ್ದರೆ, ದೋಷ ಸಾಮಾನ್ಯವಾಗಿ ಅವರ ಬಳಿ ಇರುವುದಿಲ್ಲ, ಆಚೆ ಬದಿಯಲ್ಲಿರುತ್ತದೆ. ಹೈದರಾಬಾದಿನವರ ಮಾತು ನಿಮ್ಮ ಸ್ಪೀಕರಿನಿಂದ ಹೊರಟು, ನಿಮ್ಮ ಮೈಕಿಗೆ ಹೊಕ್ಕು, ಅವರಿಗೇ ಮರಳುತ್ತಿದೆ. ಇದನ್ನು ತಡೆಯಲೆಂದು ಫೋನು, ತಾನು ಸ್ಪೀಕರಿನಲ್ಲಿ ನುಡಿಸಿದ್ದು ಕೋಣೆಯಲ್ಲಿ ಯಾವ ರೂಪದಲ್ಲಿ ತಿರುಗಿ ಮೈಕಿಗೆ ಬರುತ್ತದೆ ಎಂಬುದನ್ನು ಕರೆಯ ಮೊದಲ ಕ್ಷಣಗಳಲ್ಲಿ ಅಂದಾಜು ಮಾಡಿಕೊಂಡು, ಆ ಪಾಲನ್ನು ಕಳೆಯುತ್ತಾ ಹೋಗುತ್ತದೆ. ಕರೆಯ ನಡುವೆ ಫೋನನ್ನು ಎಳೆದಾಡಿದರೆ ಆ ಅಂದಾಜು ಕೆಡುತ್ತದೆ, ಅದು ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. ನಮ್ಮ ಕಡೆಯ ಸಭೆಗಳಲ್ಲಿ ಹಿರಿಯರು ಮಾತು ಶುರು ಮಾಡಿದೊಡನೆ ಯಾರಾದರೂ ಎದ್ದು ಫೋನನ್ನು ಅವರ ಮುಂದಕ್ಕೆ ಸರಿಸುವುದು ಮರ್ಯಾದೆಯ ರೂಢಿ. ಆ ಮರ್ಯಾದೆಯೇ ಆಚೆಯವರಿಗೆ ಪ್ರತಿಧ್ವನಿಯಾಗಿ ಕೇಳುತ್ತದೆ. ಹಿರಿಯರನ್ನು ಮೊದಲೇ ನಡುವಿನ ಕುರ್ಚಿಯಲ್ಲಿ ಕೂರಿಸಿ. ಸ್ಪೀಕರಿನ ಧ್ವನಿಯನ್ನು ಪೂರ್ತಿ ಏರಿಸಬೇಡಿ, ಮುಕ್ಕಾಲಿನಷ್ಟು ಸಾಕು. ಅದೇ ಕೋಣೆಯಲ್ಲಿ ಇನ್ನೊಬ್ಬರು ಮೊಬೈಲ್ ಸ್ಪೀಕರ್ ಹಚ್ಚಿ ಅದೇ ಕರೆಗೆ ಸೇರಿಕೊಂಡಿದ್ದರೆ ಯಾವ ಫೋನೂ ತಾಳಲಾರದು. ಕೀರಲು ಸದ್ದು ಏಳುತ್ತದೆ.

ಇಷ್ಟಾದ ಮೇಲೆ ಒಂದು ಪರೀಕ್ಷೆ ಮಾಡಿ. ಒಬ್ಬರನ್ನು ಮೊಬೈಲ್ ಕೊಟ್ಟು ಹೊರಗಿನ ಗೋದಾಮಿಗೆ ಕಳುಹಿಸಿ, ಕಾನ್ಫರೆನ್ಸ್ ಫೋನಿನಿಂದ ಅವರಿಗೆ ಕರೆ ಮಾಡಿ, ಒಂದೊಂದು ಕುರ್ಚಿಯಲ್ಲೂ ಕೂತು ಒಂದೇ ವಾಕ್ಯವನ್ನು ಸಹಜ ಧ್ವನಿಯಲ್ಲಿ ಹೇಳಿ. “ಸರ, ಈ ಕುರ್ಚಿದು ಕೇಳವಲ್ದು” ಎಂದು ಅವರು ಹೇಳಿದ ಕುರ್ಚಿಗಳಿಗೆ ಗುರುತು ಹಾಕಿಕೊಳ್ಳಿ. ಹತ್ತು ನಿಮಿಷದ ಕೆಲಸ. ಆ ಕುರ್ಚಿಗಳನ್ನು ತೆಗೆಯಿರಿ, ಇಲ್ಲವೇ ಸುಮ್ಮನೆ ಕೇಳಲು ಬಂದವರಿಗೆ ಬಿಡಿ.

ಕೊನೆಯದಾಗಿ, ನೀವು ದರ ಮಾತನಾಡುವವರು ಎಂಬ ಕಾರಣಕ್ಕೆ ಒಂದು ಎಚ್ಚರಿಕೆ. ಸಾಮಾನ್ಯ ಟೆಲಿಫೋನ್ ಲೈನು ಸುಮಾರು 300ರಿಂದ 3,400 ಹರ್ಟ್ಜ್ ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತದೆ. ಇದಕ್ಕೆ ಕೋಣೆಯ ಮರುದನಿಯೂ ಸೇರಿಕೊಂಡಾಗ “ಇಪ್ಪತ್ತು ಕ್ವಿಂಟಲ್” ಎಂದದ್ದು “ಎಪ್ಪತ್ತು ಕ್ವಿಂಟಲ್” ಎಂದು ಕೇಳುವುದು ಕಷ್ಟವಲ್ಲ. ಹಿಂದಿಯಲ್ಲಿ ಮಾತನಾಡಿದರೆ “ಸಾತ್” (ಏಳು) ಮತ್ತು “ಸಾಠ್” (ಅರವತ್ತು) ನಡುವೆ ಇದೇ ಪೇಚು. 7,000 ಹರ್ಟ್ಜ್ ವರೆಗೆ ಸಾಗಿಸುವ ವಿಸ್ತೃತ ಧ್ವನಿ ಸೌಲಭ್ಯ ನಿಮ್ಮ ಫೋನಿನಲ್ಲಿ ಇದ್ದರೂ, ಎರಡು ಬದಿಯ ಫೋನುಗಳೂ ನಡುವಿನ ಲೈನೂ ಅದನ್ನು ಒಪ್ಪಿದಾಗ ಮಾತ್ರ ಅದರ ಉಪಯೋಗ ಆಗುತ್ತದೆ. ಅಂಕಿಗಳನ್ನು ಬಿಡಿಸಿ “ಎರಡು, ಸೊನ್ನೆ” ಎಂದು ಹೇಳಿ, ಅವರಿಂದಲೂ ಹಾಗೆಯೇ ಹೇಳಿಸಿಕೊಳ್ಳಿ; ಕರೆ ಮುಗಿದ ಮೇಲೆ ಒಪ್ಪಿದ ತೂಕ ಮತ್ತು ದರವನ್ನು ಬರವಣಿಗೆಯಲ್ಲಿ ಕಳುಹಿಸಿ.

ಪ್ರಶ್ನೆ: ಕಾನ್ಫರೆನ್ಸ್ ಫೋನುಗಳೆಲ್ಲ ಮೂರು ಕಾಲಿನ ಆಕಾರದಲ್ಲಿ ಏಕೆ ಇರುತ್ತವೆ?
— ವಿದ್ಯಾರ್ಥಿನಿ, ಹುಮನಾಬಾದ್

ಉತ್ತರ: ಎಲ್ಲವೂ ಹಾಗಿರುವುದಿಲ್ಲ, ದುಂಡಗಿನವೂ ಚೌಕದವೂ ಇವೆ. ಅಮೆರಿಕದ ಪಾಲಿಕಾಮ್ ಕಂಪನಿ 1992ರಲ್ಲಿ ತಂದ ಸೌಂಡ್‌ಸ್ಟೇಷನ್ ಎಂಬ ಫೋನಿನಿಂದ ಈ ಆಕಾರ ಜನರ ಕಣ್ಣಿಗೆ ರೂಢಿಯಾಯಿತು. ಮೂರು ಕಾಲುಗಳ ತುದಿಗೆ ಒಂದೊಂದು ಮೈಕ್, ನಡುವೆ ಸ್ಪೀಕರ್ ಇರುವ ವಿನ್ಯಾಸ ಅದು. ಒಂದೊಂದು ಮೈಕೂ ತನ್ನ ಎದುರಿನ ಮೂರನೆಯ ಒಂದು ಪಾಲು ವೃತ್ತವನ್ನು ನೋಡಿಕೊಂಡು, ಬೆನ್ನ ಹಿಂದಿರುವ ಸ್ಪೀಕರಿನ ಸದ್ದಿಗೆ ಆದಷ್ಟು ಕಿವುಡಾಗಿರುತ್ತದೆ. ಬೀದರ್ ಕಡೆಯ ಕಚೇರಿಗಳಲ್ಲಿ ಮೇಜಿನ ನಟ್ಟ ನಡುವೆ ಬಿದರಿ ಹೂದಾನಿಯನ್ನು ಇಟ್ಟು ಫೋನನ್ನು ಅದರ ಮಗ್ಗುಲಿಗೆ ಸರಿಸಿರುವುದನ್ನು ಕಂಡಿದ್ದೇನೆ. ಒಂದು ಕಾಲು ಪೂರ್ತಿ ಹೂದಾನಿಯನ್ನೇ ನೋಡುತ್ತಿರುತ್ತದೆ.

ಪ್ರಶ್ನೆ: ನಮ್ಮ ಸಹಕಾರ ಸಂಘದ ಕಚೇರಿಗೆ ಇದ್ದ ತಾಮ್ರದ ಟೆಲಿಫೋನ್ ತಂತಿಯನ್ನು ತೆಗೆದು ಫೈಬರ್ ಲೈನು ಕೊಟ್ಟಿದ್ದಾರೆ. ನಿರ್ದೇಶಕರ ಸಭೆಗೆ ಕಾನ್ಫರೆನ್ಸ್ ಫೋನ್ ಬೇಕಾಗಿದೆ. ಒಂದು ಅಂಗಡಿಯವರು ಐಪಿ ಫೋನೇ ಬೇಕು ಎನ್ನುತ್ತಾರೆ, ಇನ್ನೊಬ್ಬರು ಸಾದಾ ಫೋನು ಸಾಕು ಎನ್ನುತ್ತಾರೆ. ಯಾವ ವೈರನ್ನು ಎಲ್ಲಿಗೆ ಚುಚ್ಚಬೇಕು ಎಂಬುದನ್ನೂ ತಿಳಿಸಿ. ಕರೆಂಟು ಹೋದೊಡನೆ ಈಗಿನ ಫೋನು ಸಾಯುತ್ತದೆ, ಹಿಂದೆ ಹೀಗೆ ಆಗುತ್ತಿರಲಿಲ್ಲ.
— ಸಂಘವೊಂದರ ಕಾರ್ಯದರ್ಶಿ, ಯಾದಗಿರಿ

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಫೈಬರ್ ಬಂದ ಮೇಲೆ ನಮ್ಮ ಕಚೇರಿಗಳಲ್ಲಿ ಬದಲಾದ ದೊಡ್ಡ ಸಂಗತಿ ಅದೇ. ತಾಮ್ರದ ತಂತಿಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಸುಮಾರು 48 ವೋಲ್ಟ್ ವಿದ್ಯುತ್ತು ಸದಾ ಬರುತ್ತಿತ್ತು. ಊರಿಗೆಲ್ಲ ಕರೆಂಟು ಹೋದರೂ ಸಾದಾ ಫೋನು ಬಡಿದುಕೊಳ್ಳುತ್ತಿತ್ತು. ಫೈಬರ್ ಎಂದರೆ ಗಾಜಿನ ಎಳೆ, ಅದರಲ್ಲಿ ಬೆಳಕು ಬರುತ್ತದೆಯೇ ಹೊರತು ವಿದ್ಯುತ್ತು ಬರುವುದಿಲ್ಲ. ಗೋಡೆಗೆ ಹೊಡೆದ ಫೈಬರ್ ಮೋಡೆಮ್‌ಗೆ ನಿಮ್ಮ ಕಚೇರಿಯ ಕರೆಂಟೇ ಗತಿ. ಹಾಗಾಗಿ ಕಾನ್ಫರೆನ್ಸ್ ಫೋನಿಗೆ ಹಣ ಕೂಡಿಸುವಾಗಲೇ ಮೋಡೆಮ್ ಮತ್ತು ಫೋನು ಎರಡಕ್ಕೂ ಸೇರಿಸಿ ಯುಪಿಎಸ್ ಇಡಿಸಿ. ಫೋನಿಗೆ ಮಾತ್ರ ಯುಪಿಎಸ್ ಕೊಟ್ಟು ಮೋಡೆಮನ್ನು ಮರೆತವರು ಬಹಳ ಜನ. ಅಷ್ಟಿದ್ದರೂ ಅವಘಡದ ಹೊತ್ತಿನಲ್ಲಿ 112ಕ್ಕೆ ಕರೆ ಮಾಡಲು ಚಾರ್ಜ್ ಇರುವ ಒಂದು ಮೊಬೈಲ್ ಕಚೇರಿಯಲ್ಲಿ ಇರಲಿ.

ಇನ್ನು ಆಯ್ಕೆ. ಸಾದಾ ಕಾನ್ಫರೆನ್ಸ್ ಫೋನನ್ನು ಟೆಲಿಫೋನ್ ಲೈನಿಗೆ ಚುಚ್ಚಿದರೆ ಕೆಲಸ ಮುಗಿಯಿತು. ಐಪಿ ಫೋನು ಎಂದರೆ ಇಂಟರ್ನೆಟ್ ಮೂಲಕ ಮಾತು ಸಾಗಿಸುವ ಫೋನು; ಅದನ್ನು ಕಂಪ್ಯೂಟರಿನ ಹಾಗೆ ಜಾಲಕ್ಕೆ ಸೇರಿಸಿ, ಸೇವೆ ಕೊಡುವವರಿಂದ ಸರ್ವರ್ ವಿಳಾಸ, ಬಳಕೆದಾರರ ಹೆಸರು, ಪಾಸ್‌ವರ್ಡ್ ಪಡೆದು ಅದರಲ್ಲಿ ತುಂಬಬೇಕು. ಒಂದೇ ಲೈನು ಇರುವ, ಜಾಲವನ್ನು ನೋಡಿಕೊಳ್ಳುವ ತಂತ್ರಜ್ಞರಿಲ್ಲದ ಸಂಘಕ್ಕೆ ಸಾದಾ ಫೋನೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ನಾಳೆ ಶಾಖೆಗಳು ಹೆಚ್ಚಿ, ಒಳಗೊಳಗೇ ಕರೆಗಳು ಬೇಕಾದಾಗ ಐಪಿ ಫೋನಿನ ಯೋಚನೆ ಮಾಡಬಹುದು. ಕರೆಯೊಂದಕ್ಕೆ ಸೆಕೆಂಡಿಗೆ 100 ಕಿಲೋಬಿಟ್‌ಗಿಂತ ಹೆಚ್ಚೇನೂ ಬೇಕಾಗದ ಕಾರಣ ಇಂಟರ್ನೆಟ್ ವೇಗ ಅಲ್ಲಿ ದೊಡ್ಡ ಮಾತಲ್ಲ. ಮಾತು ಒಂದು ಬದಿಯಿಂದ ಇನ್ನೊಂದು ಬದಿಗೆ ಮುಟ್ಟುವ ವಿಳಂಬ 150 ಮಿಲಿಸೆಕೆಂಡಿನೊಳಗೆ ಇರಬೇಕು. ಅದು ಬಹಳ ಮೀರಿದರೆ ಇಬ್ಬರೂ ಒಬ್ಬರ ಮಾತಿನ ಮೇಲೆ ಒಬ್ಬರು ಬೀಳತೊಡಗುತ್ತಾರೆ.

ಜೋಡಣೆಗೆ ಬರೋಣ. ಮೋಡೆಮ್ ಹಿಂದೆ ಎರಡು ಅಳತೆಯ ತೂತುಗಳಿವೆ. ಸಣ್ಣದು ಟೆಲಿಫೋನಿಗೆ, ಅದನ್ನು ಆರ್‌ಜೆ-11 ಎನ್ನುತ್ತಾರೆ. ಅಗಲವಾದದ್ದು ಕಂಪ್ಯೂಟರ್ ಜಾಲದ ಲ್ಯಾನ್ ವೈರಿಗೆ, ಅದು ಆರ್‌ಜೆ-45. ಸಣ್ಣ ಪಿನ್ನು ಅಗಲವಾದ ತೂತಿನಲ್ಲಿಯೂ ಸಡಿಲವಾಗಿ ಕೂತುಬಿಡುತ್ತದೆ, ಮೋಸ ಹೋಗಬೇಡಿ. ಗಂಟೆ ಬಾರಿಸುವಾಗ ಟೆಲಿಫೋನ್ ಲೈನಿನಲ್ಲಿ ಸುಮಾರು 75 ವೋಲ್ಟಿನ ಪರ್ಯಾಯ ವಿದ್ಯುತ್ತು ಹರಿಯುತ್ತದೆ; ಅದು ಕಂಪ್ಯೂಟರಿನ ಇಲ್ಲವೇ ಜಾಲದ ವೈರುಗಳನ್ನು ಕೂಡಿಸುವ ಸ್ವಿಚ್ಚಿನ ಲ್ಯಾನ್ ತೂತಿಗೆ ಹೋದರೆ ಕೆಡಿಸಬಹುದು. ಅದೇ ರೀತಿ ಕಚೇರಿಯಲ್ಲಿ ಡಿಜಿಟಲ್ ಇಂಟರ್‌ಕಾಮ್ ಇದ್ದರೆ, ಅದರ ಡಿಜಿಟಲ್ ಎಕ್ಸ್‌ಟೆನ್ಶನ್‌ಗೆ (ಒಳಗಿನ ಲೈನಿಗೆ) ಸಾದಾ ಫೋನನ್ನು ಚುಚ್ಚಬಾರದು. ಸಾದಾ ಎಕ್ಸ್‌ಟೆನ್ಶನ್ ಒಂದನ್ನು ಕೇಳಿ ಪಡೆಯಬೇಕು.

ಬಹುಪಾಲು ಕಾನ್ಫರೆನ್ಸ್ ಫೋನುಗಳಿಗೆ ಲೈನಿನ ವಿದ್ಯುತ್ತು ಸಾಲದು, ಪ್ರತ್ಯೇಕ ಅಡಾಪ್ಟರ್ ಬೇಕು. ಪೆಟ್ಟಿಗೆಯಲ್ಲಿ ಬಂದದ್ದನ್ನೇ ಬಳಸಿ. ರೂಟರಿನ ಅಡಾಪ್ಟರ್ ಸಾಮಾನ್ಯವಾಗಿ 12 ವೋಲ್ಟಿನದು, ಕೆಲವು ಫೋನುಗಳದು 48 ವೋಲ್ಟಿನದು, ಪಿನ್ನು ಮಾತ್ರ ಒಂದೇ ತರಹ ಕಾಣುತ್ತದೆ. ಹೊಸದು ಕೊಳ್ಳಬೇಕಾಗಿ ಬಂದರೆ ವೋಲ್ಟ್, ಆಂಪಿಯರ್ ಸರಿಹೊಂದುತ್ತವೆಯೇ ಎಂದು ನೋಡುವುದರ ಜೊತೆಗೆ, ಅಡಾಪ್ಟರಿನ ಮೇಲೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತೂ ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇವೆಯೇ ಎಂದು ನೋಡಿ.

ಮುಂದೆ ಎಂದಾದರೂ ಐಪಿ ಫೋನು ತಂದರೆ, ಲ್ಯಾನ್ ವೈರಿನಲ್ಲೇ ವಿದ್ಯುತ್ತು ಕಳುಹಿಸುವ ಪಿಒಇ ಸ್ವಿಚ್ಚಿನಿಂದ ಅದನ್ನು ನಡೆಸಬಹುದು. ಅದರ ಮೂಲ ಮಾನಕದ ಪ್ರಕಾರ ಸ್ವಿಚ್ಚು 15.4 ವಾಟ್ ಕೊಡುತ್ತದೆ, 100 ಮೀಟರಿನ ವೈರು ದಾಟಿ ಫೋನಿಗೆ 12.95 ವಾಟ್ ಮುಟ್ಟುತ್ತದೆ. ನಮ್ಮ ಊರುಗಳಲ್ಲಿ ಈ ಕೆಲಸವನ್ನು ಮಾಡುವವರು ಹೆಚ್ಚಾಗಿ ಸಿಸಿಟಿವಿ ಕೂಡಿಸುವ ಹುಡುಗರೇ. ಅವರ ಚೀಲದಲ್ಲಿರುವ ಅಗ್ಗದ ಪಿಒಇ ಅಡಾಪ್ಟರುಗಳಲ್ಲಿ ಕೆಲವು, ಎದುರಿನ ಸಾಧನ ಯಾವುದು ಎಂದು ವಿಚಾರಿಸದೆಯೇ ವೈರಿಗೆ ವಿದ್ಯುತ್ತು ಹರಿಸುತ್ತವೆ. ಅಂಥದನ್ನು ಫೋನಿಗೆ ಹಚ್ಚಲು ಬಿಡಬೇಡಿ.

ಪ್ರಶ್ನೆ: ಹೊಸ ಕಾನ್ಫರೆನ್ಸ್ ಫೋನಿನಿಂದ ಬೆಂಗಳೂರಿನ ಸ್ಥಿರ ದೂರವಾಣಿಗೆ ಕರೆ ಹೋಗುತ್ತದೆ, ಮೊಬೈಲುಗಳಿಗೆ ಹೋಗುವುದಿಲ್ಲ. ಒಬ್ಬರು ಒಂದು ಸೊನ್ನೆ ಎನ್ನುತ್ತಾರೆ, ಒಬ್ಬರು ಎರಡು ಸೊನ್ನೆ ಎನ್ನುತ್ತಾರೆ.
— ಕಚೇರಿ ಸಹಾಯಕರು, ಬೀದರ್

ಉತ್ತರ: ಇಬ್ಬರೂ ತಮ್ಮ ತಮ್ಮ ಕಚೇರಿಯ ಮಟ್ಟಿಗೆ ಸರಿ. 2021ರ ಜನವರಿ 15ರಿಂದ ದೇಶದಲ್ಲಿ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗ ಹತ್ತು ಅಂಕಿಗಳ ಮುಂದೆ ಸೊನ್ನೆ ಹಚ್ಚುವುದು ಕಡ್ಡಾಯ. ಇಂಟರ್‌ಕಾಮ್ ಇರುವ ಕಚೇರಿಯಲ್ಲಿ ಹೊರಗಿನ ಲೈನು ಹಿಡಿಯಲು ಮೊದಲೇ ಒಂದು ಸೊನ್ನೆ ಒತ್ತುವ ರೂಢಿ ಇದ್ದರೆ, ಅದಾದ ಮೇಲೆ ಈ ಸೊನ್ನೆ, ಆಮೇಲೆ ಮೊಬೈಲ್ ಸಂಖ್ಯೆ. ಹೀಗೆ ಎರಡು ಸೊನ್ನೆ. ಹೊರಗಿನ ಲೈನಿಗೆ 9 ಒತ್ತುವ ಕಚೇರಿಯಲ್ಲಿ 9, ನಂತರ ಒಂದು ಸೊನ್ನೆ.

ಇಲ್ಲಿ ಒಂದು ಹಳ್ಳವಿದೆ. ಇಂಟರ್‌ಕಾಮ್‌ಗೆಂದು ಎರಡು ಸೊನ್ನೆ ಸೇರಿಸಿ ಫೋನಿನ ನೆನಪಿನಲ್ಲಿ ಉಳಿಸಿದ ಸಂಖ್ಯೆಗಳನ್ನು, ಮುಂದೆ ಅದೇ ಫೋನನ್ನು ನೇರ ಲೈನಿಗೆ ಹಚ್ಚಿದಾಗಲೂ ಹಾಗೆಯೇ ಒತ್ತಿದರೆ, ಆ ಎರಡು ಸೊನ್ನೆ ವಿದೇಶ ಕರೆಯ ಸಂಕೇತವಾಗಿಬಿಡುತ್ತದೆ. 94ರಿಂದ ಆರಂಭವಾಗುವ ಮೊಬೈಲ್ ಸಂಖ್ಯೆ ಶ್ರೀಲಂಕಾದತ್ತ ಹೊರಡುತ್ತದೆ, 98ರಿಂದ ಆರಂಭವಾಗುವುದು ಇರಾನಿನತ್ತ. ವಿದೇಶಕ್ಕೆ ಕರೆ ಮಾಡುವ ಕೆಲಸವೇ ಇಲ್ಲದ ಕಚೇರಿಯವರು ಐಎಸ್‌ಡಿ ಸೌಲಭ್ಯವನ್ನು ಬಂದ್ ಮಾಡುವಂತೆ ಸೇವೆ ಕೊಡುವವರಿಗೆ ಬರೆದು ಕೊಡುವುದು ಉತ್ತಮ.

ಪ್ರಶ್ನೆ: ಆಡಳಿತ ಮಂಡಳಿಯವರೊಡನೆ ಫೋನಿನಲ್ಲಿ ನಡೆದ ಸಭೆ ಮುಗಿದ ಮೇಲೆ ನಾವು ನಾಲ್ವರು ಅದೇ ಕೋಣೆಯಲ್ಲಿ ಕೂತು, ಒಬ್ಬ ಸಹೋದ್ಯೋಗಿಯ ರಜೆ ಮತ್ತು ಸಂಬಳದ ಬಗ್ಗೆ ಬಿಚ್ಚಿ ಮಾತನಾಡಿದೆವು. ಲೈನು ತೆರೆದೇ ಇತ್ತಂತೆ. ಆಚೆಯವರು ಎಲ್ಲವನ್ನೂ ಕೇಳಿದ್ದಾರೆ. ಈಗ ಕಚೇರಿಯಲ್ಲಿ ಮುಖ ತೋರಿಸುವುದೇ ಕಷ್ಟವಾಗಿದೆ. ಇನ್ನು ಮುಂದೆ ಏನು ಜಾಗ್ರತೆ ವಹಿಸಬೇಕು?
— ಖಾಸಗಿ ಕಾಲೇಜೊಂದರ ಕಚೇರಿ ಸಿಬ್ಬಂದಿ, ಬೀದರ್

ಉತ್ತರ: ಆದದ್ದಕ್ಕೆ ನಾಚಿಕೊಳ್ಳಬೇಡಿ, ಇದು ಎಲ್ಲೆಡೆ ಆಗುವಂಥದು. ನನ್ನ ಪ್ರಸಂಗವನ್ನೂ ಹೇಳುತ್ತೇನೆ. ಹಲವು ಊರುಗಳವರು ಸೇರಿದ್ದ ಒಂದು ಕರೆಯ ನಡುವೆ ನಾನು ಎದ್ದು ಹೋಗಬೇಕಾಗಿ ಬಂದಾಗ, ಮ್ಯೂಟ್ ಒತ್ತುವ ಬದಲು ಹೋಲ್ಡ್ ಒತ್ತಿದೆ. ನಮ್ಮ ಇಂಟರ್‌ಕಾಮ್ ತನ್ನ ಪದ್ಧತಿಯಂತೆ ಹೋಲ್ಡ್ ಸಂಗೀತವನ್ನು ನುಡಿಸತೊಡಗಿತು. ನಾನು ಮರಳುವವರೆಗೆ ಉಳಿದವರೆಲ್ಲ ಮಾತು ಬಿಟ್ಟು ಆ ಪೀಪಿಯನ್ನೇ ಕೇಳುತ್ತಾ ಕೂತಿದ್ದರು. ಹಲವರ ಕರೆಯಲ್ಲಿ ಹೋಲ್ಡ್ ಗುಂಡಿಯನ್ನು ಮುಟ್ಟಬೇಡಿ.

ಕಿವಿಗೆ ಹಿಡಿಯುವ ಫೋನನ್ನು ಕೆಳಗಿಟ್ಟರೆ ಕರೆ ಮುಗಿದದ್ದು ಕೈಗೇ ತಿಳಿಯುತ್ತದೆ. ಮೇಜಿನ ಮೇಲಿನ ಈ ಫೋನಿಗೆ ಕೆಳಗಿಡುವುದೆಂಬುದೇ ಇಲ್ಲ. ಆದುದರಿಂದ ಸಭೆಗೊಬ್ಬರನ್ನು ಫೋನಿನ ಹೊಣೆಗಾರರೆಂದು ನೇಮಿಸಿ. ಅವರು ಕರೆ ಕಡಿದು, ದೀಪ ಆರಿದ್ದನ್ನು ನೋಡಿ, “ಲೈನು ಬಂದ್ ಆಯಿತು” ಎಂದು ಬಾಯಿಬಿಟ್ಟು ಹೇಳುವವರೆಗೆ ಯಾರೂ ಬೇರೆ ಮಾತು ಎತ್ತಬಾರದು. ಹೆಚ್ಚಿನ ಫೋನುಗಳಲ್ಲಿ ಹಸಿರು ದೀಪ ಎಂದರೆ ಕರೆ ನಡೆದಿದೆ, ಕೆಂಪು ಎಂದರೆ ಮ್ಯೂಟ್ ಆಗಿದೆ. ಎಲ್ಲ ಮಾದರಿಗಳಲ್ಲೂ ಹೀಗೆಯೇ ಎಂದು ನಂಬಬೇಡಿ. ಪಕ್ಕದ ಕೋಣೆಯ ಮೊಬೈಲಿಗೆ ಕರೆ ಮಾಡಿ ನಿಮ್ಮ ಫೋನಿನ ದೀಪಗಳನ್ನು ನೀವೇ ಪರೀಕ್ಷಿಸಿ. ಹೆಚ್ಚುವರಿ ಮೈಕುಗಳಿದ್ದರೆ, ಫೋನಿನ ಮ್ಯೂಟ್ ಅವುಗಳನ್ನೂ ಮುಚ್ಚುತ್ತದೆಯೇ ಎಂಬುದನ್ನು ಅದೇ ಹೊತ್ತಿಗೆ ನೋಡಿಕೊಳ್ಳಿ. ಗುಟ್ಟಿನ ಮಾತಿದ್ದರೆ ಮ್ಯೂಟನ್ನು ನಂಬಿ ಆಡಬೇಡಿ, ಕೋಣೆಯಿಂದ ಹೊರಗೆ ಬನ್ನಿ.

ಇದಕ್ಕಿಂತ ಅಪಾಯದ್ದು ತಾನಾಗಿಯೇ ಕರೆ ಎತ್ತಿಕೊಳ್ಳುವ ಆಟೋ ಆನ್ಸರ್ ಸೌಲಭ್ಯ. ಅದು ಚಾಲೂ ಇದ್ದು, ಗಂಟೆಯ ಸದ್ದನ್ನೂ ಯಾರಾದರೂ ಕಡಿಮೆ ಮಾಡಿಟ್ಟಿದ್ದರೆ, ಹೊರಗಿನಿಂದ ಒಂದು ಕರೆ ಮಾಡಿ ಕೋಣೆಯ ಮಾತನ್ನೆಲ್ಲ ಕೇಳಿಸಿಕೊಳ್ಳಬಹುದು. ಸೆಟಿಂಗ್ಸ್‌ನಲ್ಲಿ ಹುಡುಕಿ ಅದನ್ನು ಬಂದ್ ಮಾಡಿ. ಬ್ಲೂಟೂತ್ ಇರುವ ಫೋನಾದರೆ, ಹಿಂದೆ ಯಾರ ಯಾರ ಮೊಬೈಲಿಗೆ ಜೋಡಿಸಿದ್ದಿರೋ ಆ ಪಟ್ಟಿಯನ್ನು ಅಳಿಸಿ. ಇಲ್ಲದಿದ್ದರೆ ಪ್ರಾಚಾರ್ಯರ ಮನೆಯಿಂದ ಬಂದ ಕರೆ ಸಭೆಯ ನಡುವೆ ಎಲ್ಲರಿಗೂ ಕೇಳುವಂತೆ ಹತ್ತಿಕೊಂಡೀತು.

ಸಭೆಗೆ ಸೇರಲು ಒತ್ತುವ ಗುಪ್ತ ಸಂಖ್ಯೆಯನ್ನು ವರ್ಷಗಟ್ಟಲೆ ಒಂದೇ ಇಟ್ಟುಕೊಳ್ಳುವ ರೂಢಿ ನಮ್ಮ ಕಚೇರಿಗಳಲ್ಲಿದೆ. ಕೆಲಸ ಬಿಟ್ಟು ಹೋದವರ ಡೈರಿಯಲ್ಲಿಯೂ ಆ ಸಂಖ್ಯೆ ಇರುತ್ತದೆ ಎಂಬುದನ್ನು ಮರೆಯುತ್ತೇವೆ. ಅದನ್ನು ಆಗಾಗ ಬದಲಿಸಿ; ಸಭೆಯ ಆರಂಭಕ್ಕೆ ಹಾಜರಿ ತೆಗೆದುಕೊಂಡು, ಲೆಕ್ಕಕ್ಕಿಂತ ಒಬ್ಬರು ಹೆಚ್ಚು ಕಂಡರೂ ಯಾರೆಂದು ಕೇಳಿ. ಐಪಿ ಫೋನಾಗಿದ್ದರೆ ಕಂಪನಿಯಿಂದ ಬಂದ ಮೂಲ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ, ಕಂಪನಿ ಹೊರಡಿಸುವ ಹೊಸ ತಂತ್ರಾಂಶವನ್ನು ಕಾಲಕಾಲಕ್ಕೆ ಏರಿಸಿಕೊಳ್ಳಿ, ಫೋನು ನೇರವಾಗಿ ಹೊರಗಿನ ಇಂಟರ್ನೆಟ್ಟಿಗೆ ತೆರೆದುಕೊಳ್ಳದಂತೆ ರೂಟರಿನ ಹಿಂದೆ ಇಡಿಸಿ. ಇಂಥ ಫೋನುಗಳು ಸಾಮಾನ್ಯವಾಗಿ ಬಳಸುವ 5060 ಎಂಬ ಜಾಲದ ದ್ವಾರವನ್ನು (ಪೋರ್ಟ್) ಹುಡುಕುತ್ತಾ ಅಲೆಯುವ ತಂತ್ರಾಂಶಗಳಿವೆ; ಒಳಹೊಕ್ಕವರು ನಿಮ್ಮ ಖರ್ಚಿನಲ್ಲಿ ವಿದೇಶಕ್ಕೆ ಕರೆ ಮಾಡುತ್ತಾರೆ, ಬಿಲ್ಲು ಬಂದಾಗಲೇ ತಿಳಿಯುವುದು.

ಬ್ಯಾಂಕಿನ ಗುಪ್ತ ಸಂಖ್ಯೆಯನ್ನು ಈ ಫೋನಿನ ಗುಂಡಿಗಳಲ್ಲಿ ಒತ್ತಬೇಡಿ. ಪ್ರತಿ ಗುಂಡಿಗೂ ಎರಡು ಸ್ವರಗಳು ಕೂಡಿದ ತನ್ನದೇ ಸದ್ದು ಇದೆ; ಕೋಣೆಯಲ್ಲಿ ಅದನ್ನು ಧ್ವನಿಮುದ್ರಿಸಿಕೊಂಡವರು ಯಾವ ಗುಂಡಿ ಒತ್ತಿದಿರಿ ಎಂಬುದನ್ನು ಬಿಡಿಸಿ ಓದಬಲ್ಲರು. ಒಟಿಪಿಯನ್ನು ಸ್ಪೀಕರಿನ ಮುಂದೆ ಜೋರಾಗಿ ಓದುವುದಂತೂ ಬೇಡವೇ ಬೇಡ. ಹಾಗೆ ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ದೂರಿಗೆಂದಿರುವ 1930ಕ್ಕೆ ಕರೆ ಮಾಡಿ.

ಸಭೆಯನ್ನು ಧ್ವನಿಮುದ್ರಿಸುವಿರಾದರೆ ಆರಂಭದಲ್ಲೇ ಎಲ್ಲರಿಗೂ ಕೇಳುವಂತೆ ತಿಳಿಸಿ, ಒಪ್ಪಿಗೆ ಪಡೆಯಿರಿ, ನಡುವೆ ಬಂದು ಸೇರಿದವರಿಗೆ ಮತ್ತೊಮ್ಮೆ ತಿಳಿಸಿ. ವ್ಯಕ್ತಿಯ ಮಾಹಿತಿಯನ್ನು ಡಿಜಿಟಲ್ ರೂಪದಲ್ಲಿ ಸಂಗ್ರಹಿಸುವವರ ಹೊಣೆಗಾರಿಕೆಯನ್ನು ಹೇಳುವ ಕಾಯ್ದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿದೆ. ಸಹೋದ್ಯೋಗಿಯ ರಜೆ, ಕಾಯಿಲೆ, ಸಂಬಳದ ಮಾತುಗಳೂ ಅಂಥ ಮಾಹಿತಿಯೇ. ಮುದ್ರಿಸಿದ್ದನ್ನು ಯಾರ ಬಳಿ ಇಡಬೇಕು, ಯಾವಾಗ ಅಳಿಸಬೇಕು ಎಂಬುದನ್ನು ಸಭೆಯ ನಡಾವಳಿಯಲ್ಲಿಯೇ ಬರೆದಿಡಿ.

ಪ್ರಶ್ನೆ: ಸಿಡಿಲು ಮಳೆಯಲ್ಲಿ ಕಾನ್ಫರೆನ್ಸ್ ಫೋನ್ ಬಳಸಬಹುದೇ? ಫೈಬರ್ ಇರುವುದರಿಂದ ಭಯವಿಲ್ಲ ಎನ್ನುತ್ತಾರೆ.
— ಓದುಗರು, ಶಹಾಪುರ

ಉತ್ತರ: ಅರ್ಧ ಮಾತ್ರ ನಿಜ. ಗಾಜಿನ ಎಳೆಯಲ್ಲಿ ವಿದ್ಯುತ್ತು ಹರಿಯುವುದಿಲ್ಲ, ಆದರೆ ಕೆಲವು ಫೈಬರ್ ಕೇಬಲ್ಲುಗಳಲ್ಲಿ ಬಲಕ್ಕೆಂದು ಉಕ್ಕಿನ ತಂತಿ ಇರುತ್ತದೆ. ಮೋಡೆಮ್ ಮತ್ತು ಫೋನಿನ ಅಡಾಪ್ಟರುಗಳಂತೂ ಕರೆಂಟಿನ ತಂತಿಗೇ ಜೋಡಿಸಿರುತ್ತವೆ. ಸಿಡಿಲಿನ ಹೊಡೆತ ಅಲ್ಲಿಂದ ಬರಬಹುದು. ಮುಂಗಾರಿಗೆ ಮೊದಲಿನ ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗಳಲ್ಲಿ ನಮ್ಮ ಕಡೆ ಇದರ ಹಾವಳಿ ಹೆಚ್ಚು. ಗುಡುಗು ದೂರದಲ್ಲಿ ಇರುವಾಗಲೇ ಕರೆ ಮುಗಿಸಿ, ಅಡಾಪ್ಟರನ್ನೂ ಟೆಲಿಫೋನ್ ವೈರನ್ನೂ ತೆಗೆದಿಡಿ. ಸಿಡಿಲು ನೆತ್ತಿಯ ಮೇಲೆ ಬಂದ ಮೇಲೆ ವೈರುಗಳಿಗೆ ಕೈ ಹಾಕಬೇಡಿ; ತಂತಿ ಇರುವ ಫೋನಿನಿಂದ ದೂರವಿರಿ, ಅವಸರದ ಮಾತಿದ್ದರೆ ಚಾರ್ಜಿಗೆ ಹಚ್ಚದ ಮೊಬೈಲ್ ಬಳಸಿ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಎಂಬ ಆ್ಯಪ್ ಹತ್ತಿರದ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ಅರ್ಥಿಂಗ್ ಸರಿಯಿಲ್ಲದ ಕಟ್ಟಡದಲ್ಲಿ ಸರ್ಜ್ (ವಿದ್ಯುತ್ತಿನ ಹಠಾತ್ ಏರಿಕೆ) ತಡೆಯುವ ಬೋರ್ಡು ತನ್ನ ಕೆಲಸವನ್ನು ಪೂರ್ತಿ ಮಾಡಲಾರದು, ಮೊದಲು ಅರ್ಥಿಂಗ್ ಪರೀಕ್ಷೆ ಮಾಡಿಸಿ.

ಪ್ರಶ್ನೆ: ನಾವು ಮೂವರೇ ಕೂತು ಮಾತನಾಡುವುದು. ಮೊಬೈಲಿನ ಸ್ಪೀಕರ್ ಸಾಲದೇ? ಮತ್ತು ಫೋನನ್ನು ಸ್ವಚ್ಛ ಮಾಡುವುದು ಹೇಗೆ?
— ಓದುಗರು, ಬಸವಕಲ್ಯಾಣ

ಉತ್ತರ: ಮೂವರಿಗೆ ಮೊಬೈಲ್ ಸಾಕು, ಪುಸ್ತಕವೊಂದರ ಮೇಲೆ ಇಟ್ಟು ಅದರ ಕೆಳಬದಿಯ ಮೈಕನ್ನು ಕೈಯಿಂದ ಮುಚ್ಚದಿದ್ದರೆ ಆಯಿತು. ನಾಲ್ಕಾರು ಜನರಾದರೆ ಯುಎಸ್‌ಬಿ ಅಥವಾ ಬ್ಲೂಟೂತಿನ ಸಣ್ಣ ಸ್ಪೀಕರ್‌ಫೋನ್ ತನ್ನಿ. ಸ್ಪೀಕರಿನಲ್ಲಿ ಒಮ್ಮೊಮ್ಮೆ ಗುರ್ ಗುರ್ ಸದ್ದು ಬಂದರೆ, ಪಕ್ಕದಲ್ಲಿಟ್ಟ ಮೊಬೈಲುಗಳನ್ನು ಒಂದು ಮೊಳ ಆಚೆ ಸರಿಸಿ ನೋಡಿ.

ಸ್ವಚ್ಛ ಮಾಡುವ ಮೊದಲು ಅಡಾಪ್ಟರ್ ತೆಗೆಯಿರಿ. ದ್ರವವನ್ನು ಫೋನಿನ ಮೇಲೆ ಸಿಂಪಡಿಸಬೇಡಿ. ಮೆತ್ತನೆಯ ಬಟ್ಟೆಗೆ ಸ್ವಲ್ಪ ಹಾಕಿ, ಹಿಂಡಿ, ಗುಂಡಿಗಳನ್ನು ಒರೆಸಿ. ಮೈಕಿನ ಜಾಲರಿಯ ದೂಳನ್ನು ಒಣಗಿದ ಮೆತ್ತನೆಯ ಬ್ರಷ್ಷಿನಿಂದ ಹೊರಮುಖವಾಗಿ ಕೊಡವಿ, ಸೂಜಿ ಚುಚ್ಚಬೇಡಿ.